ಖಳನಿಗೊಂದು ಹೆಸರು

ಗದಾಯುದ್ಧವನ್ನು ಪಾಠ ಹೇಳಿದ ಅಧ್ಯಾಪಕರಿಗೆಲ್ಲ ಒಂದು ಅನುಭವ ಸಮಾನವಾಗಿರುತ್ತದೆ. ರನ್ನ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ. ಕಾವ್ಯಕ್ಕೆ ಸಾಹಸಭೀಮವಿಜಯವೆಂದು ಹೆಸರಿಟ್ಟ. ನ್ಯಾಯವಾಗಿ ನಮ್ಮ ಮನಸ್ಸು ಭೀಮನಿಗೆ ಸಲ್ಲಬೇಕು. ಆದರೆ ಕಾವ್ಯ ಮುಗಿದು ಪುಸ್ತಕ ಮುಚ್ಚಿದಾಗ ಕಣ್ಣಮುಂದೆ ನಿಲ್ಲುವವನು, ಹೆಣಗಳ ನಡುವೆ ಒಂಟಿಯಾಗಿ ನಡೆದುಹೋಗುವ ದುರ್ಯೋಧನ. ಕರ್ಣನ ಶವದೆದುರು ನಿಂತು ಹಲುಬುವ ದುರ್ಯೋಧನ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಈ ಪಾಠ ಹೇಳಿದೆ. ಹೆಚ್ಚುಕಡಿಮೆ ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು, “ಸಾರ್, ಇವನೇ ನಾಯಕ ಯಾಕಾಗಬಾರದು?” ಎಂದು ಕೇಳಿಯೇ ಕೇಳುತ್ತಿದ್ದ. ಮುಂದಿನ ಬೆಂಚಿನವರು ಈ ಪ್ರಶ್ನೆ ಕೇಳಿದ್ದು ಕಡಿಮೆ.

ನಮ್ಮ ಲಾಕ್ಷಣಿಕರಿಗೆ ಇದು ತಿಳಿಯದ ಸಂಗತಿಯೇನಲ್ಲ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ಚೆನ್ನಾಗಿ ವರ್ಣಿಸಿ, ಅನಂತರ ನಾಯಕ ಅವನನ್ನು ಗೆದ್ದನೆಂದು ಹೇಳಿದರೆ ನಾಯಕನ ಹಿರಿಮೆ ಹೆಚ್ಚುತ್ತದೆ ಎಂದು ದಂಡಿ ಒಪ್ಪಿದ್ದಾನೆ. ದಶರೂಪಕದ ಧನಂಜಯನಾದರೋ ಪ್ರತಿನಾಯಕನೆಂದರೆ ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಪಟ್ಟಿ ಮಾಡಿ ಕೈತೊಳೆದುಕೊಂಡ. ಇಬ್ಬರ ದೃಷ್ಟಿಯಲ್ಲೂ ಖಳನೆಂಬವನು ನಾಯಕ ಮೇಲಕ್ಕೆ ಹತ್ತಲು ಇಟ್ಟ ಮೆಟ್ಟಿಲು. ಓದುಗನ ಮನಸ್ಸು ಮೇಲಕ್ಕೆ ಹತ್ತದೆ ಆ ಮೆಟ್ಟಿಲ ಮೇಲೆಯೇ ಏಕೆ ಕುಳಿತುಬಿಡುತ್ತದೆ ಎಂಬುದಕ್ಕೆ ಅವರಲ್ಲಿ ಉತ್ತರ ಸಿಕ್ಕುವುದಿಲ್ಲ. ನಾಗಚಂದ್ರನ ರಾವಣನನ್ನು ಕುರಿತು ಬಿ.ಎಂ.ಶ್ರೀಯವರು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು, ಅವನನ್ನು ದುರಂತ ನಾಯಕರ ಸಾಲಿನಲ್ಲಿ ನಿಲ್ಲಿಸಿದ ಮೇಲೆ ನಮ್ಮಲ್ಲಿ ಈ ಚರ್ಚೆಗೆ ಹೊಸ ದಾರಿ ತೆರೆಯಿತು.

ಅದೆಲ್ಲ ಮಹಾಕಾವ್ಯಗಳ ಮಾತಾಯಿತು. ಪಂಡಿತರು ಮೂಗು ಮುರಿದು ಪಕ್ಕಕ್ಕೆ ಸರಿಸಿದ, ಜನ ಮಾತ್ರ ದುಡ್ಡು ಕೊಟ್ಟು ಕಾದು ಓದಿದ ಕಥೆಗಳ ಖಳರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ. ಎಲ್ಲ ದೇಶಗಳನ್ನೂ ಸುತ್ತಿ ಬರುವುದು ಈ ಅವಧಿಯಲ್ಲಿ ಆಗದ ಮಾತು. ಅದಕ್ಕಾಗಿ ಒಂದೇ ಅಂಗಡಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಲಂಡನ್ನಿನ ನ್ಯೂ ಬರ್ಲಿಂಗ್ಟನ್ ಬೀದಿಯಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಪ್ರಕಾಶಕನಿದ್ದ. 1837ರಿಂದ 1840ರವರೆಗಿನ ನಾಲ್ಕೇ ವರ್ಷಗಳಲ್ಲಿ ಅವನ ಮಳಿಗೆಯಿಂದ ಮೂವರು ಪಾತಕಿಗಳು ಹೊರಗೆ ಬಂದರು. ಒಬ್ಬ ಡಿಕನ್ಸ್‌ನ ಫೇಗಿನ್. ಇನ್ನೊಬ್ಬ ಏನ್ಸ್‌ವರ್ತ್‌ನ ಜಾಕ್ ಶೆಪರ್ಡ್. ಮೂರನೆಯವನು ನಮ್ಮ ದೇಶದವನು, ಅಮೀರ್ ಅಲಿ. ಈ ಮೂವರಿಗೂ ಮುಂದೆ ಒದಗಿದ ಗತಿ ಬೇರೆಬೇರೆ. ಆ ವ್ಯತ್ಯಾಸದಲ್ಲಿ ನಾವು ಕಲಿಯಬೇಕಾದದ್ದು ಬಹಳವಿದೆ ಎಂದು ನನಗೆ ತೋರುತ್ತದೆ.

ಜಾಕ್ ಶೆಪರ್ಡನಿಂದ ಆರಂಭಿಸೋಣ, ಏಕೆಂದರೆ ಗದ್ದಲವೆಲ್ಲ ಎದ್ದದ್ದು ಅವನಿಂದ. ಇವನು ನಿಜವಾಗಿ ಇದ್ದವನು. ಬಡಗಿಯ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಕಳ್ಳತನಕ್ಕಿಳಿದು, 1724ರ ಒಂದೇ ವರ್ಷದಲ್ಲಿ ನಾಲ್ಕು ಬಾರಿ ಸೆರೆಯಿಂದ ತಪ್ಪಿಸಿಕೊಂಡು, ಕೊನೆಗೆ ಅದೇ ನವೆಂಬರಿನಲ್ಲಿ ಟೈಬರ್ನ್‌ನಲ್ಲಿ ನೇಣಿಗೇರಿದ. ಆಗ ಅವನಿಗೆ ಇಪ್ಪತ್ತೆರಡು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಹ್ಯಾರಿಸನ್ ಏನ್ಸ್‌ವರ್ತ್ ಈ ಕಥೆಯನ್ನು ಎತ್ತಿಕೊಂಡು, 1839ರ ಜನವರಿಯಿಂದ ಬೆಂಟ್ಲಿಯ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ. ಅದೇ ಪತ್ರಿಕೆಯಲ್ಲಿ ‘ಆಲಿವರ್ ಟ್ವಿಸ್ಟ್’ ಇನ್ನೂ ನಡೆಯುತ್ತಿತ್ತು. ಎರಡಕ್ಕೂ ಚಿತ್ರ ಬರೆಯುತ್ತಿದ್ದವನು ಕ್ರುಕ್‌ಶ್ಯಾಂಕ್ ಒಬ್ಬನೇ. ಪತ್ರಿಕೆಯ ಸಂಪಾದಕನಾಗಿದ್ದ ಡಿಕನ್ಸ್ ಆ ವೇಳೆಗೆ ಬೆಂಟ್ಲಿಯೊಡನೆ ಜಗಳವಾಡಿಕೊಂಡು ಹೊರಬಿದ್ದ. ಪ್ರಕಾಶಕನನ್ನು ಬರ್ಲಿಂಗ್ಟನ್ ಬೀದಿಯ ದರೋಡೆಕೋರನೆಂದು ಕರೆದ. ಬರಹಗಾರರ ಪಾಲಿನ ಖಳನಾಯಕ ಯಾರೆಂಬುದು ಇದರಿಂದ ತಿಳಿಯುತ್ತದೆ. ಆ ವಿಷಯ ಬೇರೆ.

ಜಾಕ್ ಶೆಪರ್ಡ್ ಕಾದಂಬರಿಗೆ ಸಿಕ್ಕ ಜನಾದರ ಅಪಾರವಾದದ್ದು. ಅದು ಮುಗಿಯುವ ಮೊದಲೇ ಲಂಡನ್ನಿನ ನಾಟಕಶಾಲೆಗಳು ಅದನ್ನು ರಂಗಕ್ಕೆ ತಂದವು. ಅಡೆಲ್ಫಿ ರಂಗಶಾಲೆಯಲ್ಲಿ ಜಾಕ್‌ನ ಪಾತ್ರ ವಹಿಸಿದವಳು ಶ್ರೀಮತಿ ಕೀಲಿ ಎಂಬ ನಟಿ. ಗಂಡಸರು ಸೀರೆಯುಟ್ಟು ಸೀತೆ ದ್ರೌಪದಿಯರಾಗುತ್ತಿದ್ದ ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಹೆಂಗಸು ಕಳ್ಳನಾದದ್ದು ವಿನೋದವಾಗಿ ಕಾಣಬಹುದು. ಈ ಕಥೆಯ ನಿಜವಾದ ದುಷ್ಟ ಜಾಕ್ ಅಲ್ಲ. ಕಳ್ಳರನ್ನು ಹಿಡಿದುಕೊಟ್ಟು ಇನಾಮು ಪಡೆಯುತ್ತ, ತಾನೇ ಕಳ್ಳರ ಜಾಲವನ್ನು ನಡೆಸುತ್ತಿದ್ದ ಜೊನಾಥನ್ ವೈಲ್ಡ್. ಅವನೂ ಇತಿಹಾಸಪುರುಷನೇ, 1725ರಲ್ಲಿ ಅವನಿಗೂ ನೇಣಾಯಿತು. ಆದರೆ ಸಮಾಜದ ಹಿತಚಿಂತಕರು ಹೆದರಿದ್ದು ಕಳ್ಳನಿಗೆ. ಕಳ್ಳನನ್ನು ಸಾಕಿದ ಅಧಿಕಾರಸ್ಥನ ಚಿತ್ರಣದಿಂದ ಯುವಕರು ಕೆಟ್ಟಾರು ಎಂದು ಯಾರೂ ಚಿಂತಿಸಿದಂತೆ ಕಾಣೆ.

ಅವರ ಹೆದರಿಕೆಗೆ 1840ರ ಮೇ ತಿಂಗಳಲ್ಲಿ ಪುರಾವೆ ದೊರಕಿತು. ಲಾರ್ಡ್ ವಿಲಿಯಂ ರಸೆಲ್ ಎಂಬ ವೃದ್ಧ ಶ್ರೀಮಂತನನ್ನು ಅವನ ಹಾಸಿಗೆಯಲ್ಲೇ ಕತ್ತು ಕೊಯ್ದು ಕೊಂದಿದ್ದರು. ಕೊಂದವನು ಮನೆಯ ಪರಿಚಾರಕ, ಸ್ವಿಟ್ಜರ್ಲೆಂಡಿನ ಕೂರ್ವಾಜಿಯೇ. ಇಂಥ ಕೃತ್ಯದ ಕಲ್ಪನೆ ತನಗೆ ಹುಟ್ಟಿದ್ದು ಜಾಕ್ ಶೆಪರ್ಡನ ಕಥೆಯಿಂದ ಎಂದು ಅವನು ಹೇಳಿದನೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಏನ್ಸ್‌ವರ್ತ್ ಪತ್ರಿಕೆಗೆ ಬರೆದು ಅದನ್ನು ಅಲ್ಲಗಳೆದ. ಪ್ರಯೋಜನವಾಗಲಿಲ್ಲ. ಆ ಹೆಸರಿನ ಹೊಸ ನಾಟಕಗಳಿಗೆ ಪರವಾನಗಿ ಕೊಡುವುದು ಬಹುಕಾಲ ನಿಂತುಹೋಯಿತು. ಕೂರ್ವಾಜಿಯೇಯನ್ನು ಜುಲೈ 6ರಂದು ನ್ಯೂಗೇಟ್ ಸೆರೆಮನೆಯ ಮುಂದೆ ಬಹಿರಂಗವಾಗಿ ನೇಣಿಗೇರಿಸಿದರು. ನೋಡಲು ನೆರೆದ ಭಾರಿ ಜನಸ್ತೋಮದಲ್ಲಿ ಡಿಕನ್ಸನೂ ಇದ್ದ, ಥ್ಯಾಕರೆಯೂ ಇದ್ದ. ಅಲ್ಲಿ ತಾನು ಕಂಡದ್ದರಿಂದ ನಾಚಿ, ಮನಸ್ಸು ಕಲಕಿ, ಥ್ಯಾಕರೆ ಒಂದು ಲೇಖನ ಬರೆದ. ಕಳ್ಳನ ಕಥೆಯನ್ನು ಮನೆಯಲ್ಲಿ ಕುಳಿತು ಓದುವುದು ಅಪಾಯವೆಂದು ಬಗೆದ ಸಮಾಜ, ಮನುಷ್ಯನೊಬ್ಬನ ಕೊರಳಿಗೆ ಹಗ್ಗ ಬೀಳುವುದನ್ನು ಹಬ್ಬದಂತೆ ನೋಡಲು ಹೋಗುವುದನ್ನು ಅಪಾಯವೆಂದು ಬಗೆಯಲಿಲ್ಲ.

ಥ್ಯಾಕರೆಯ ಪ್ರಸ್ತಾಪ ಬಂದದ್ದರಿಂದ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಇಂಥ ಕಾದಂಬರಿಗಳನ್ನು ಕಂಡರೆ ಅವನಿಗೆ ಸಿಟ್ಟು. ಪಾತಕಿಗಳನ್ನು ಹೀಗೆ ಚೆಲುವಾಗಿ ಚಿತ್ರಿಸುವುದು ಮೋಸ. ಅವರು ನಿಜಕ್ಕೂ ಎಷ್ಟು ಹೇಯರೋ ಅಷ್ಟೇ ಹೇಯವಾಗಿ ತೋರಿಸಿದರೆ ಓದುಗರಿಗೆ ವಾಕರಿಕೆ ಬಂದು ಈ ಚಾಳಿ ಬಿಟ್ಟಾರು ಎಂದು ಲೆಕ್ಕ ಹಾಕಿ, ಗಂಡನನ್ನು ಕೊಲ್ಲಿಸಿ 1726ರಲ್ಲಿ ಸುಡಲ್ಪಟ್ಟ ಕ್ಯಾಥರೀನ್ ಹೇಯ್ಸ್ ಎಂಬವಳ ಕಥೆಯನ್ನು 1839ರಿಂದ ಧಾರಾವಾಹಿಯಾಗಿ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಅವನಿಗೇ ಆ ಹೆಂಗಸಿನ ಮೇಲೆ ಒಳಗೊಳಗೇ ಅಕ್ಕರೆ ಹುಟ್ಟಿತು. ಹಾಗೆಂದು ತಾಯಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ನಮ್ಮ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರದ ಒಂದು ಎಳೆ ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಯಾವ ಮನುಷ್ಯನನ್ನೇ ಆಗಲಿ, ಅವನ ಪಕ್ಕದಲ್ಲಿ ಕುಳಿತು, ಅವನಿಗೇನು ಬೇಕಾಗಿತ್ತು, ಏಕೆ ಬೇಕಾಗಿತ್ತು ಎಂದು ಕಂತು ಕಂತಾಗಿ ಕೇಳುತ್ತ ಹೋದರೆ ಪೂರ್ತಿ ದ್ವೇಷಿಸುವುದು ಕಷ್ಟವಾಗುತ್ತದೆ. ದುರ್ಯೋಧನನ ವಿಷಯದಲ್ಲಿ ರನ್ನನಿಗೆ ಆದದ್ದೂ ಇದೇ ಇರಬಹುದು.

ಕಂತು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಧಾರಾವಾಹಿಯಲ್ಲಿ ನಾಯಕ ಮಾಡುವ ಕೆಲಸ ಬಹಳ ಕಡಿಮೆ. ಅವನು ಸುಖವಾಗಿದ್ದರೆ ಕಥೆ ನಿಂತುಹೋಗುತ್ತದೆ. ಮುಂದಿನ ವಾರಕ್ಕೆ ಓದುಗನನ್ನು ಎಳೆದು ತರುವವನು, ಏನನ್ನೋ ಬಯಸಿ, ಹೂಡಿ, ಬಾಗಿಲ ಹಿಂದೆ ನಿಂತು ಕಾಯುವ ಖಳ. ಫ್ರಾನ್ಸಿನ ಪೊನ್ಸೊಂ ದ್ಯು ತೆರಾಯ್ ಎಂಬ ಲೇಖಕ 1857ರಲ್ಲಿ ರೊಕಾಂಬೋಲ್ ಎಂಬ ಪೋಕರಿ ಹುಡುಗನನ್ನು ದೊಡ್ಡ ಖಳನೊಬ್ಬನ ಕೈಯಾಳಾಗಿ ಕಥೆಗೆ ತಂದ. ಓದುಗರು ಅವನನ್ನು ಬಿಡಲಿಲ್ಲ. ಲೇಖಕ ಅವನನ್ನು ದೊಡ್ಡ ಖಳನನ್ನಾಗಿ ಬೆಳೆಸಿ, ಮುಖ ಸುಡಿಸಿ ಸೆರೆಗಟ್ಟಿ, ಸಾಲದೆ ಬಂದಾಗ ಮತ್ತೆ ಎಬ್ಬಿಸಿ ತಂದು ನಾಯಕನನ್ನಾಗಿ ಮಾಡಬೇಕಾಯಿತು. ನಂಬಲಾಗದ ಸಾಹಸಗಳಿಗೆ ಫ್ರೆಂಚ್ ಭಾಷೆಯಲ್ಲಿ ಈಗಲೂ ಅವನ ಹೆಸರಿನಿಂದ ಹುಟ್ಟಿದ ವಿಶೇಷಣವೇ ಬಳಕೆಯಲ್ಲಿದೆ.

ಈ ಕಲೆ ಪಕ್ವವಾದದ್ದು ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ ಕಾದಂಬರಿಯಲ್ಲಿ. 1859ರ ನವೆಂಬರಿನಿಂದ 1860ರ ಆಗಸ್ಟ್‌ವರೆಗೆ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅದು ಬಂತು. ಅದರ ಖಳ ಕೌಂಟ್ ಫಾಸ್ಕೊ ಇಟಲಿಯವನು, ಭಾರಿ ಸ್ಥೂಲಕಾಯದವನು. ಬಿಳಿ ಇಲಿಗಳನ್ನು ಸಾಕಿದ್ದಾನೆ. ಅವು ಅವನ ಅಂಗಿಯೊಳಗೆಲ್ಲ ಓಡಾಡುತ್ತವೆ. ಹಳದಿ ಹಕ್ಕಿಗಳೊಡನೆ ಮುದ್ದುಮಾತಾಡುತ್ತಾನೆ. ಸಿಹಿತಿಂಡಿಯೆಂದರೆ ಪ್ರಾಣ; ಸಂಗೀತಕ್ಕೆ ಕಣ್ಣೀರು ಸುರಿಸುತ್ತಾನೆ. ಇಂಥವನು ಒಬ್ಬ ಹೆಂಗಸನ್ನು ಇನ್ನೊಬ್ಬಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿ, ಆಕೆಯ ಹೆಸರು, ಆಸ್ತಿ, ಅಸ್ತಿತ್ವವನ್ನೇ ಕದಿಯುತ್ತಾನೆ.

ಈ ಕಾದಂಬರಿಯಲ್ಲಿ ಒಂದು ಸನ್ನಿವೇಶವಿದೆ. ಮೇರಿಯನ್ ಎಂಬ ಧೀರೆ ಮಳೆಯಲ್ಲಿ ನೆನೆದು ಮಾಡಿನ ಮೇಲೆ ಕುಳಿತು ಖಳರ ಸಂಚನ್ನು ಕದ್ದು ಕೇಳಿ, ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆಯುತ್ತಾಳೆ. ನಾವು ಆ ದಿನಚರಿಯನ್ನೇ ಓದುತ್ತಿರುತ್ತೇವೆ. ಜ್ವರ ಏರಿ ಅವಳ ಕೈಬರಹ ತಡವರಿಸಿ ನಿಂತುಹೋಗುತ್ತದೆ. ಪುಟ ಮಗುಚಿದರೆ ಬೇರೆ ಕೈಬರಹ: ಫಾಸ್ಕೊ ಅದನ್ನೆಲ್ಲ ಓದಿ, ಕೆಳಗೆ ತನ್ನ ಮೆಚ್ಚುಗೆ ಬರೆದು, ಸಹಿ ಹಾಕಿದ್ದಾನೆ! ಈ ಪುಟವನ್ನು ಮೊದಲ ಬಾರಿ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಆಮೇಲೆ ಯೋಚಿಸಿದೆ: ಅವನು ಮಾಡಿದ ಅಪರಾಧವಾದರೂ ಏನು? ಒಬ್ಬಳ ಖಾಸಗಿ ದಿನಚರಿಯನ್ನು ಆಕೆಯ ಅನುಮತಿಯಿಲ್ಲದೆ ರಸವತ್ತಾಗಿ ಓದಿದ್ದು. ಅಷ್ಟು ಹೊತ್ತೂ ನಾನು ಮಾಡುತ್ತಿದ್ದುದೂ ಅದನ್ನೇ. ಖಳ ನಮ್ಮ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದ. ಅವನಿಗೂ ನಮಗೂ ಒಂದೇ ಕುತೂಹಲ.

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಪರಿಯನ್ನು ಕಂಡವರಿಗೆ ಈ ಸಂಭ್ರಮ ಹೊಸದಲ್ಲ. ವೇಷಧಾರಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಚುಟ್ಟಿ ಇಟ್ಟುಕೊಂಡಿರುತ್ತಾನೆ. ದೂರದಿಂದ ಅಬ್ಬರ ಕೇಳಿದೊಡನೆ ಚಾಪೆಯ ಮೇಲೆ ನಿದ್ದೆಹೋದ ಮಕ್ಕಳನ್ನು ತಾಯಂದಿರು ಅಲುಗಿಸಿ ಎಬ್ಬಿಸುತ್ತಾರೆ. ರಾಳದ ಬೆಂಕಿ ಭುಗಿಲೆನ್ನುತ್ತದೆ. ರಾಕ್ಷಸನಿಗೆ ಆ ಇರುಳು ಸಲ್ಲುವ ಸ್ವಾಗತ ದೇವರ ವೇಷಕ್ಕೂ ಸಲ್ಲುವುದಿಲ್ಲ. ಹಾಗೆಂದು ಬಯಲಾಟ ನೋಡಿ ರಾಕ್ಷಸರಾದವರನ್ನು ನಾನಂತೂ ಕಂಡಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷೆರ್ಲಾಕ್ ಹೋಮ್ಸ್‌ನನ್ನು ಕೊಂದು ಮುಗಿಸುವ ಸಲುವಾಗಿಯೇ ಪ್ರೊಫೆಸರ್ ಮೊರಿಯಾರ್ಟಿಯನ್ನು ಸೃಷ್ಟಿಸಿದ. ಗಣಿತದಲ್ಲಿ ಅಸಾಧಾರಣ ವಿದ್ವಾಂಸ. ಲಂಡನ್ನಿನ ಪಾತಕಗಳ ಸೂತ್ರವೆಲ್ಲ ಅವನ ಬೆರಳಲ್ಲಿ. ಆದರೂ ಅದನ್ನು ಓದಿದವರಾರೂ ಗಣಿತದ ಮೇಷ್ಟರು ಎದುರು ಬಂದರೆಂದು ಮನೆಯ ಬಾಗಿಲು ಹಾಕಿಕೊಳ್ಳಲಿಲ್ಲ. ಅವನ ದುಷ್ಟತನ ಅವನದು, ಗಣಿತದ್ದಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಇನ್ನು ಬೆಂಟ್ಲಿಯ ಅಂಗಡಿಯ ಮೂರನೆಯವನನ್ನು ನೋಡೋಣ. ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷಿನವನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಹದಿನೈದರ ವಯಸ್ಸಿನಲ್ಲಿ ಈ ದೇಶಕ್ಕೆ ಬಂದು ನಿಜಾಮನ ಸೇವೆಗೆ ಸೇರಿದ ಅವನು, ಇಂದಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಹನ್ನೆರಡು ವರ್ಷಗಳಷ್ಟು ಕಾಲ ಆಡಳಿತ ನಡೆಸಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಊರವರು ಟೇಲರ್ ಮಂಜಿಲ್ ಎನ್ನುತ್ತಾರೆ. ಅದಕ್ಕೆ ಮೊದಲೇ, ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, 1839ರಲ್ಲಿ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಮೂರು ಸಂಪುಟಗಳಲ್ಲಿ ಬೆಂಟ್ಲಿಯಿಂದ ಹೊರಬಂತು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ರುಮಾಲಿನಿಂದ ಕತ್ತು ಬಿಗಿದು ಕೊಲ್ಲುತ್ತಿದ್ದ ಠಗ್ಗರ ಕಥೆ ಅದು. ಈ ಮಾತು ನಮ್ಮ ‘ಠಕ್ಕ’ನ ನೆಂಟನೇ, ದಕ್ಷಿಣದಲ್ಲಿ ಇಂಥವರನ್ನು ಫಾಂಸಿಗಾರರೆನ್ನುತ್ತಿದ್ದರು. ಪುಸ್ತಕ ಲಂಡನ್ನಿನಲ್ಲಿ ಮನೆಮಾತಾಯಿತು. ವಿಕ್ಟೋರಿಯಾ ರಾಣಿಯೂ ಅದನ್ನು ಆಸಕ್ತಿಯಿಂದ ಓದಿದಳೆನ್ನುತ್ತಾರೆ.

ಕಥೆ ಹೇಳುವವನು ಅಮೀರ್ ಅಲಿ. ಸೆರೆಯಲ್ಲಿ ಕುಳಿತು ಸಾಹೇಬನೊಬ್ಬನೆದುರು ತನ್ನ ಜೀವನವನ್ನು ಬಿಚ್ಚುತ್ತಾನೆ. ಕೊಂದವರು ಏಳುನೂರ ಹತ್ತೊಂಬತ್ತು ಮಂದಿ; ನಡುವೆ ಹನ್ನೆರಡು ವರ್ಷ ಸೆರೆಯಾಗದಿದ್ದರೆ ಸಾವಿರ ಮುಟ್ಟಿಸುತ್ತಿದ್ದೆನೆಂದು ಅವನ ಕೊರಗು. ನಯವಂತ, ಮಾತುಗಾರ, ಹೆಂಡತಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನು. ನೀವು ಸಾಹೇಬರು ಹುಲಿಯ ಬೆನ್ನು ಹತ್ತಿ ದಿನಗಟ್ಟಲೆ ಅಲೆಯುವುದಿಲ್ಲವೆ, ನಮ್ಮ ಬೇಟೆ ಅದಕ್ಕಿಂತ ಎತ್ತರದ್ದು ಎಂಬರ್ಥದ ಮಾತನ್ನು ಆರಂಭದಲ್ಲೇ ಆಡುತ್ತಾನೆ. ಆ ಮಾತಿಗೆ ಸಾಹೇಬನ ಬಳಿ ಸರಿಯಾದ ಉತ್ತರವಿದ್ದಂತೆ ತೋರುವುದಿಲ್ಲ. ಬಾಲ್ಯದಲ್ಲಿ ಅವನ ತಂದೆತಾಯಿಗಳನ್ನು ಕೊಂದವರೂ ಠಗ್ಗರೇ. ಅವರಲ್ಲೊಬ್ಬ ಮಗುವಿನ ಮೇಲೆ ಮರುಕಗೊಂಡು ಮಗನೆಂದು ಸಾಕಿದ. ಮುಂದೊಂದು ದಿನ ಅಮೀರ್ ಅಲಿ ತಿಳಿಯದೆ ತನ್ನ ಒಡಹುಟ್ಟಿದ ತಂಗಿಯನ್ನೇ ಕೊಲ್ಲುತ್ತಾನೆ. ಅವಳ ಕೊರಳಿನ ತಾಯಿತದಿಂದ ಆಮೇಲೆ ಅದು ಗೊತ್ತಾಗುತ್ತದೆ. ಗ್ರೀಕರ ದುರಂತ ನಾಟಕಗಳಿಗೆ ಒಪ್ಪುವ ಕಲ್ಪನೆಯಿದು. ಒಬ್ಬ ವಿದೇಶೀಯ ಅಧಿಕಾರಿ ಭಾರತೀಯ ಪಾತಕಿಯೊಬ್ಬನಿಗೆ ಕೊಟ್ಟ ಈ ಘನತೆಯನ್ನು ನಾನು ಲಘುವಾಗಿ ಕಾಣಲಾರೆ. ಅಮೀರ್ ಅಲಿಗೆ ಒಂದು ದನಿಯಿದೆ, ಒಂದು ಸಂಕಟವಿದೆ. ಅವನು ವ್ಯಕ್ತಿ.

ಆದರೆ ಪುಸ್ತಕಕ್ಕೆ ಇನ್ನೊಂದು ಮುಖವೂ ಇದೆ. ಠಗ್ಗತನವೆಂಬುದು ದೇವಿಯ ಹೆಸರಿನಲ್ಲಿ ನಡೆಯುವ ಧರ್ಮ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಕುಲಾಚಾರ ಎಂಬ ಸ್ಲೀಮನ್ ಮೊದಲಾದ ಅಧಿಕಾರಿಗಳ ನಂಬಿಕೆಯನ್ನು ಅದು ದೇಶದೇಶಗಳಿಗೆ ಹರಡಿತು. ಠಗ್ಗರ ಗುಂಪಿಗೆ ಸೇರಿದ್ದನೆಂದು ತೋರಿದರೆ ಸಾಕು, ಇಂಥ ಕೊಲೆ ಮಾಡಿದನೆಂದು ಸಾಧಿಸದೆಯೂ ಜೀವಾವಧಿ ಶಿಕ್ಷೆ ವಿಧಿಸಬಹುದೆಂದು 1836ರ ಕಾಯಿದೆ ಆಗಲೇ ಹೇಳಿತ್ತು. ಮಾಫಿ ಸಾಕ್ಷಿಗಳ ಬಾಯಿಮಾತೇ ಬಹುಮಟ್ಟಿಗೆ ಆಧಾರ. ಈ ಚಿತ್ರದಲ್ಲಿ ದಿಟವೆಷ್ಟು, ಅಧಿಕಾರಿಗಳ ಕಲ್ಪನೆಯೆಷ್ಟು ಎಂದು ಇತಿಹಾಸಕಾರರು ಈಚೆಗೆ ಬಹಳವಾಗಿ ಚರ್ಚಿಸಿದ್ದಾರೆ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಬಂತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾಗುವ ನಾಡಿನಲ್ಲಿ ಪಾತಕಿಯ ಮಗ ಪಾತಕಿಯೇ ಆಗುತ್ತಾನೆ ಎಂಬುದು ಅದರ ಹಿಂದಿನ ವಾದ. ಕಾದಂಬರಿಯೊಂದು ಕಾನೂನನ್ನು ಮಾಡಿಸಿತು ಎನ್ನುವಷ್ಟು ದೂರ ನಾನು ಹೋಗಲಾರೆ. ಕಾನೂನು ಮಾಡುವವರಿಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೆ ಹುಟ್ಟಿನಿಂದಲೇ ಖಳರಾದ ಒಂದು ಜನ ಇದ್ದಾರೆಂಬ ಮಾತನ್ನು ನಂಬುವುದಕ್ಕೆ ಕಥೆಗಳು ಓದುಗರ ಮನಸ್ಸನ್ನು ಹದಗೊಳಿಸಿದ್ದವು ಎನ್ನಲು ಅಡ್ಡಿಯಿಲ್ಲ.

ಅದರ ಫಲವನ್ನು ಉಂಡವರು ನಮ್ಮ ನಾಡಿನಲ್ಲೂ ಇದ್ದಾರೆ. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಮುಳ್ಳುತಂತಿಯ ಬೇಲಿಯೊಳಗೆ ಹರಣಶಿಕಾರಿ, ಕೊರವ, ಗಂಟಿಚೋರ ಮೊದಲಾದ ಸಮುದಾಯಗಳ ಸಂಸಾರಗಳನ್ನು ಕೂಡಿಟ್ಟ ಸೆಟಲ್‌ಮೆಂಟುಗಳಿದ್ದವು. ಹಾಜರಿ ಕೊಡದೆ, ಚೀಟಿ ಇಲ್ಲದೆ ಅಲ್ಲಿಂದ ಹೊರಬೀಳುವಂತಿರಲಿಲ್ಲ. ಅಲ್ಲಿ ಹುಟ್ಟಿದ ಕೂಸಿಗೆ ಜಾಕ್ ಶೆಪರ್ಡನಂತೆ ಬೀಗ ಮುರಿದ ಕೀರ್ತಿಯಿಲ್ಲ, ಅಮೀರ್ ಅಲಿಯಂತೆ ತನ್ನ ಕಥೆ ಹೇಳಲು ಕೇಳುವ ಕಿವಿಯಿಲ್ಲ. ಪಟ್ಟಿಯಲ್ಲಿ ಕುಲದ ಹೆಸರು ಮಾತ್ರ ಇತ್ತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಅಂಥ ವಸತಿಯಿದ್ದ ಬಡಾವಣೆಯನ್ನು ಜನ ಆಮೇಲೂ ಸೆಟಲ್‌ಮೆಂಟ್ ಎಂದೇ ಕರೆದರು.

ಟೇಲರನ ಬದುಕಿನಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಚಿತ್ರವಿದೆ. ಸುರಪುರದ ಎಳೆಯ ದೊರೆ ವೆಂಕಟಪ್ಪನಾಯಕ ಅವನ ಕಣ್ಣೆದುರು ಬೆಳೆದ ಹುಡುಗ. ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಎತ್ತಿ ಸೆರೆಯಾದ. ಮರಣದಂಡನೆ ಕಡಿಮೆಯಾಗಿ ಕೆಲವು ವರ್ಷಗಳ ಸೆರೆವಾಸಕ್ಕೆ ಇಳಿದಿತ್ತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡಿನಿಂದ ಸತ್ತ. ಸರ್ಕಾರದ ಕಡತಗಳಲ್ಲಿ ಅವನು ದ್ರೋಹಿ, ದಾರಿತಪ್ಪಿದವನು. ಸುರಪುರದ ಬೀದಿಗಳಲ್ಲಿ ಅಡ್ಡಾಡಿದಾಗ ನಾನು ಕೇಳಿದ ಕಥೆಗಳಲ್ಲಿ ಅವನೇ ನಾಯಕ. ಟೇಲರನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ಅದರಲ್ಲಿ ಈ ಹುಡುಗನ ಪ್ರಸಂಗ ಬರುವೆಡೆ ಅಧಿಕಾರಿಯ ಲೇಖನಿ ಹಿಂದೆ ಸರಿದು ಅಪ್ಪನ ಲೇಖನಿ ಮುಂದೆ ಬರುತ್ತದೆ.

ಹುಟ್ಟಿನಿಂದ ಖಳನೆನಿಸುವ ಕಲ್ಪನೆ ಕಥಾಲೋಕದಲ್ಲಿ ಎಷ್ಟು ಕೀಳಿಗಿಳಿಯಬಹುದೆಂಬುದಕ್ಕೆ ಸ್ಯಾಕ್ಸ್ ರೋಮರ್‌ನ ಡಾ. ಫೂ ಮಂಚು ಸಾಕ್ಷಿ. 1913ರಲ್ಲಿ ಪುಸ್ತಕವಾಗಿ ಬಂದ ಈ ಚೀನೀ ಪಾತಕಿ ಮೊರಿಯಾರ್ಟಿಗೆ ಕಡಿಮೆಯಿಲ್ಲದ ವಿದ್ವಾಂಸ. ಅವನ ಕೈಯಾಳುಗಳಲ್ಲಿ ಬರ್ಮಾದ ಡಕಾಯಿತರೂ ಭಾರತದ ಠಗ್ಗರೂ ಇದ್ದಾರೆ; ಟೇಲರನ ಪುಸ್ತಕದ ಸಾಮಾನು ಇಲ್ಲಿಯವರೆಗೂ ಸಾಗಿ ಬಂದಿದೆ. ಆದರೆ ಫೂ ಮಂಚುವಿಗೆ ತನ್ನದೆಂಬ ಸಂಕಟವಿಲ್ಲ. ಅವನೊಂದು ಇಡೀ ಜನಾಂಗದ ಮುಖವಾಡ. ಆಗ ಲಂಡನ್ನಿನಲ್ಲಿದ್ದ ಚೀನೀಯರು ಕೆಲವೇ ನೂರು ಮಂದಿ. ಹಡಗಿನ ಕೂಲಿಗಳು, ಬಟ್ಟೆ ಒಗೆಯುವವರು. ಅವರು ನಗರವನ್ನೇ ನುಂಗುತ್ತಾರೆಂದು ಓದುಗರು ರೋಮಾಂಚನಗೊಂಡರು. 1932ರಲ್ಲಿ ಹಾಲಿವುಡ್ ಅವನ ಚಲನಚಿತ್ರ ಮಾಡಿದಾಗ ಚೀನದ ರಾಯಭಾರ ಕಚೇರಿ ಪ್ರತಿಭಟಿಸಬೇಕಾಯಿತು. ಓದುಗ ಖಳನನ್ನು ಮೆಚ್ಚಿಕೊಂಡು ತಾನೂ ಖಳನಾಗಿಬಿಟ್ಟಾನು ಎಂದು 1840ರಲ್ಲಿ ಹೆದರಿದ ಹಿರಿಯರಾರಿಗೂ, ಓದುಗ ಖಳನನ್ನು ದ್ವೇಷಿಸಿ ನೆರೆಮನೆಯವನನ್ನೂ ದ್ವೇಷಿಸಲು ಕಲಿತಾನು ಎಂಬ ಭಯ ಹುಟ್ಟಿರಲಿಲ್ಲ.

ಇನ್ನು ಉಳಿದವನು ಫೇಗಿನ್. ಅನಾಥ ಮಕ್ಕಳಿಗೆ ಜೇಬುಗಳ್ಳತನ ಕಲಿಸುವ ಈ ಮುದುಕನ ಹೆಸರು ಡಿಕನ್ಸ್‌ಗೆ ಎಲ್ಲಿಂದ ಸಿಕ್ಕಿತೆಂಬುದನ್ನು ಅವನ ಚರಿತ್ರೆ ಬರೆದ ಫಾರ್ಸ್ಟರ್ ತಿಳಿಸಿದ್ದಾನೆ. ಹನ್ನೆರಡರ ಬಾಲಕ ಡಿಕನ್ಸ್ ಬೂಟುಮಸಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಅವನಿಗೆ ಕೆಲಸ ಹೇಳಿಕೊಟ್ಟು, ಹೊಟ್ಟೆನೋವು ಬಂದ ದಿನ ಬಿಸಿನೀರಿನ ಸೀಸೆಯಿಟ್ಟು ಉಪಚರಿಸಿದ ಹುಡುಗ ಬಾಬ್ ಫೇಗಿನ್. ಉಪಕ್ರಾರಿಯ ಹೆಸರನ್ನು ಖಳನಿಗಿಟ್ಟದ್ದೇಕೆ? ಮನಶ್ಶಾಸ್ತ್ರಜ್ಞರು ಏನೇನೋ ಹೇಳುತ್ತಾರೆ. ಆ ಕಾರ್ಖಾನೆಯ ದಿನಗಳ ಅವಮಾನದೊಡನೆ ಹೆಣೆದುಕೊಂಡ ಯಾವ ಹೆಸರೂ, ಒಳ್ಳೆಯ ಹೆಸರಾದರೂ, ಅವನಿಗೆ ಕಹಿಯಾಗಿತ್ತೇನೋ. ಅದಿರಲಿ, ಇಷ್ಟು ಒಳ್ಳೆಯ ಹೆಸರನ್ನು ಇಟ್ಟೂ ಕಾದಂಬರಿಯಲ್ಲಿ ಡಿಕನ್ಸ್ ಅವನನ್ನು ಮತ್ತೆ ಮತ್ತೆ, ನೂರಾರು ಸಲ, ‘ಯೆಹೂದಿ’ ಎಂದೇ ಕರೆದ. ಅದೇ ಕಥೆಯ ಕೊಲೆಗಡುಕ ಸೈಕ್ಸ್‌ನನ್ನು ‘ಕ್ರೈಸ್ತ’ ಎಂದು ಒಮ್ಮೆಯೂ ಕರೆಯಲಿಲ್ಲ. ಆಗಿನ್ನೂ ಯೆಹೂದಿಯೊಬ್ಬ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ಆ ಬಾಗಿಲು ತೆರೆದದ್ದು 1858ರಲ್ಲಿ.

1860ರಲ್ಲಿ ಡಿಕನ್ಸ್ ತನ್ನ ಲಂಡನ್ ಮನೆಯನ್ನು ಡೇವಿಸ್ ಎಂಬ ಯೆಹೂದಿ ಗೃಹಸ್ಥನಿಗೆ ಮಾರಿದ. ಕೊಂಡವರ ಮನೆಯೊಡತಿ ಎಲೈಜಾ ಡೇವಿಸ್ 1863ರಲ್ಲಿ ಅವನಿಗೊಂದು ಕಾಗದ ಬರೆದಳು. ದೀನರ ಪರವಾಗಿ ಇಷ್ಟೆಲ್ಲ ಬರೆದವರು ನಮ್ಮ ಜನಕ್ಕೆ ಅನ್ಯಾಯ ಮಾಡಿದಿರಿ ಎಂಬುದು ಅದರ ತಾತ್ಪರ್ಯ. ಡಿಕನ್ಸ್ ಮೊದಲು ಸಮರ್ಥನೆ ಹೇಳಿದ: ಆ ಕಾಲದಲ್ಲಿ ಅಂಥ ಪಾತಕಿಗಳು ಬಹುಮಟ್ಟಿಗೆ ಆ ಜನಾಂಗದವರೇ ಆಗಿದ್ದರು, ಕಥೆಯ ಉಳಿದ ದುಷ್ಟರೆಲ್ಲ ಕ್ರೈಸ್ತರೇ ಅಲ್ಲವೆ ಎಂದ. ಆದರೆ ಮಾತು ಒಳಗೆ ನಾಟಿರಬೇಕು. ಮುಂದಿನ ಕಾದಂಬರಿಯಲ್ಲಿ ರಿಯಾ ಎಂಬ ಸಾಧು ಯೆಹೂದಿಯನ್ನು ತಂದ. ರಿಯಾ ಸಜ್ಜನ, ಪರಮ ಸಜ್ಜನ, ಉಪ್ಪುಖಾರವಿಲ್ಲದ ಪಾತ್ರ. ಅವನನ್ನು ಇಂದು ಯಾರೂ ನೆನೆಯುವುದಿಲ್ಲ. ಪ್ರಾಯಶ್ಚಿತ್ತಕ್ಕಾಗಿ ಬರೆದ ಪಾತ್ರಗಳ ಗತಿ ಸಾಮಾನ್ಯವಾಗಿ ಹೀಗೆಯೇ.

ನಿಜವಾದ ಪ್ರಾಯಶ್ಚಿತ್ತ ನಡೆದದ್ದು ಅಚ್ಚಿನ ಮನೆಯಲ್ಲಿ. 1867ರಲ್ಲಿ ಅವನ ಕೃತಿಗಳ ಹೊಸ ಆವೃತ್ತಿ ಸಿದ್ಧವಾಗುವಾಗ ಡಿಕನ್ಸ್ ‘ಆಲಿವರ್ ಟ್ವಿಸ್ಟ್’ ಹಾಳೆಗಳನ್ನು ಮುಂದಿಟ್ಟುಕೊಂಡು, ‘ಯೆಹೂದಿ’ ಎಂದಿದ್ದ ಕಡೆ ಹೊಡೆದುಹಾಕಿ ‘ಫೇಗಿನ್’ ಎಂದೋ ‘ಅವನು’ ಎಂದೋ ತಿದ್ದುತ್ತ ಹೋದ. ಪುಸ್ತಕದ ಮೊದಲ ಭಾಗದ ಮೊಳೆ ಜೋಡಣೆ ಅಷ್ಟರಲ್ಲಿ ಮುಗಿದುಹೋಗಿತ್ತೆನ್ನುತ್ತಾರೆ. ಅಲ್ಲಿ ಹಳೆಯ ಮಾತೇ ಬಹುಮಟ್ಟಿಗೆ ಉಳಿಯಿತು. ಅವನು ಖಳನ ಒಂದು ದುಷ್ಟತನವನ್ನೂ ಕಡಿಮೆ ಮಾಡಲಿಲ್ಲ. ಮಕ್ಕಳನ್ನು ಕೆಡಿಸಿದ್ದು ಹಾಗೆಯೇ ಇದೆ, ನ್ಯಾನ್ಸಿಯ ಕೊಲೆಗೆ ಕಾರಣನಾದದ್ದು ಹಾಗೆಯೇ ಇದೆ. ಕೊನೆಯ ಭಾಗದಲ್ಲಿ ಮರಣದಂಡನೆಗೆ ಗುರಿಯಾದ ಮುದುಕ ನ್ಯೂಗೇಟಿನ ಕೋಣೆಯಲ್ಲಿ ಉಗುರು ಕಚ್ಚುತ್ತ, ಬೆಳಗಾಗುವುದನ್ನು ಎಣಿಸುತ್ತ ಕುಳಿತಿರುವ ಒಂದು ಅಧ್ಯಾಯವಿದೆ. ಕ್ರುಕ್‌ಶ್ಯಾಂಕ್ ಬರೆದ ಚಿತ್ರಗಳಲ್ಲೆಲ್ಲ ಹೆಸರಾದದ್ದು ಅದರದ್ದೇ. ಮೂವತ್ತು ವರ್ಷಗಳ ಹಿಂದೆ ಬೆಂಟ್ಲಿಯ ಅಂಗಡಿಯಿಂದ ಹೊರಟಾಗ ಆ ಅಧ್ಯಾಯದ ತಲೆಬರಹದಲ್ಲಿ ಅದು ಯೆಹೂದಿಯ ಕಡೆಯ ರಾತ್ರಿಯಾಗಿತ್ತು. ಡಿಕನ್ಸ್ ಅದನ್ನು ಫೇಗಿನ್‌ನ ಕಡೆಯ ರಾತ್ರಿಯೆಂದು ತಿದ್ದಿದ.